ಎರಡು ದೇಶದ ಪಥ್ಯ

ಅಫಜಲಪುರದ ನನ್ನ ಗಿರಣಿಗೆ ಜೋಳ ಬೀಸಿಸಲು ಬರುವವರು ಈಗಲೂ ಕೇಳುತ್ತಾರೆ: "ಚೀನಾದಾಗ ಉಣ್ಣಾಕ ಏನ್ ಮಾಡಿದ್ರಿ, ಶರಣಪ್ಪ?" ಗಿರಣಿಯ ಸದ್ದಿನಲ್ಲಿ ಉದ್ದನೆಯ ಉತ್ತರ ಕೊಡಲಾಗುವುದಿಲ್ಲ. ಕೈಯಾಡಿಸಿ ನಕ್ಕು ಸುಮ್ಮನಾಗುತ್ತೇನೆ. ಅವರು ಕೇಳುವುದು ಹಾವು, ಕಪ್ಪೆಯ ಮಾತು. ಆದರೆ ಪ್ರಶ್ನೆ ಸರಿಯಾದದ್ದೇ. ನಾನು ಜೀವಮಾನದಲ್ಲಿ ಮಾಡಿದ ಒಂದೇ ಒಂದು ಪರದೇಶದ ಪ್ರವಾಸವೆಲ್ಲ ಊಟದ ಸುತ್ತಲೇ ನಡೆಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಮ್ಯಾಟ್ರಿಕ್‌ವರೆಗೆ ಓದಿದವನು. ಬರೆದದ್ದು ಸಾದಾ ಇರುತ್ತದೆ.

ಅಫಜಲಪುರ

ನನ್ನ ಮಗಳು ಭಾಗ್ಯವಂತಿ ಘತ್ತರಗಿಯ ದೇವಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳು, ಅದಕ್ಕೇ ಆ ಹೆಸರು. ಮನೆಯಲ್ಲಿ ಭಾಗ್ಯಾ. ಸಣ್ಣವಳಿದ್ದಾಗ ಅವಳ ಬಾಯಿಗೆ ಓಣಿಯೇ ಹೆದರುತ್ತಿತ್ತು. ಒಂದು ಅಂದರೆ ನಾಲ್ಕು ಅನ್ನುವಳು. ನನ್ನ ಹೆಂಡತಿ ಗುರುಬಾಯಿ ದಿನಕ್ಕೆ ಒಮ್ಮೆಯಾದರೂ "ಕೊಬ್ಬು ಬಂದದ ನಿನಗ!" ಎಂದು ಬೈಯದೆ ಇರುತ್ತಿರಲಿಲ್ಲ. ಬೈಗುಳವಾದರೂ ಅದರಲ್ಲಿ ಹೆಮ್ಮೆ ಇತ್ತು.

ಮುಂದೆ ಶಾಲೆಗೆ ಹೋಗುವ ವಯಸ್ಸಿನಲ್ಲೇ ಭಾಗ್ಯಾಳ ಎಡಗಲ್ಲ ಒಳಗೆ ಇಳಿಯತೊಡಗಿತು. ನೋವಿಲ್ಲ, ಗಾಯವಿಲ್ಲ. ಮುಖದ ಒಂದು ಬದಿಯ ಕೊಬ್ಬು ತಾನಾಗಿ ಕರಗುವ ರೋಗವಂತೆ. ಸೊಲ್ಲಾಪುರದ ಡಾಕ್ಟರರು, "ಒಂದಿನ ತಾನೇ ನಿಲ್ಲತದ, ಆದರ ಹೋದದ್ದು ತಿರುಗಿ ಬರಂಗಿಲ್ಲ" ಎಂದರು. ಹಾಗೆಯೇ ಆಯಿತು. ಕಾಲೇಜಿಗೆ ಸೇರುವ ವೇಳೆಗೆ ಕರಗುವುದು ನಿಂತಿತು. ಅಷ್ಟರಲ್ಲಿ ಆ ಗಲ್ಲ, ಕಣಕದ ಉಂಡೆಗೆ ಹೆಬ್ಬೆರಳು ಒತ್ತಿದಂತೆ ಕಾಣುತ್ತಿತ್ತು. ಭಾಗ್ಯಾ ಜನರ ಎಡಕ್ಕೆ ಕೂಡುವುದನ್ನು ಕಲಿತಳು, ಅವರಿಗೆ ಬಲಗಲ್ಲ ಮಾತ್ರ ಕಾಣಲಿ ಎಂದು. ಮಾತು ಒಂದೊಂದಾಗಿ ಬಿಟ್ಟಳು. ಗುರುಬಾಯಿಯೂ ಆ ಬೈಗುಳ ಬಿಟ್ಟಳು. ಯಾರೂ ಹೇಳಿ ಬಿಡಿಸಿದ್ದಲ್ಲ.

ಆಳಂದದ ಅರಿವೆ ಅಂಗಡಿಯ ನನ್ನ ಗೆಳೆಯನ ಮಗ ನಸೀರ ಡಾಕ್ಟರ್ ಆಗಿ, ಮುಖ, ಚರ್ಮ ಸರಿಮಾಡುವ ವಿದ್ಯೆ ಕಲಿಯಲು ಚೀನಾ ದೇಶದ ಗ್ವಾಂಗ್‌ಝೌ ಎಂಬ ಊರಿಗೆ ಹೋಗಿದ್ದ. ರಜೆಗೆ ಬಂದವನು ನಮ್ಮ ಮನೆಗೂ ಬಂದ. ನಮಗಿಬ್ಬರಿಗೂ ತಿಳಿಯುವ ಹಾಗೆ ಹೇಳಿದ.

"ಕಾಕಾ, ಹೊಟ್ಟ್ಯಾಗಿನ ಕೊಬ್ಬು ಸಿರಿಂಜಿನಾಗ ತಗದು ಗಲ್ಲಕ್ಕ ಹಾಕ್ತಾರ. ಮೆಣಸಿನ ಸಸಿ ಕಿತ್ತು ಬ್ಯಾರೆ ಹೊಲದಾಗ ಹಚ್ಚಿದಂಗ. ಬೇರು ಹಿಡಿಯೂತನಕ ಅದರ ಜೀವ ಗಟ್ಟಿ ಇಲ್ಲ. ಭಾಳ ಮಂದೀಗಿ ಅರ್ಧಾಮರ್ಧ ಕರಗೇ ಹೋಗ್ತದ. ನಮ್ಮ ಮೇಡಂ ಈಗ ಒಂದು ಕೆಂಪು ಬೇರಿನ ಕಷಾಯ ಕೊಟ್ಟು ನೋಡಾಕತ್ತಾರ. ರಕ್ತ ಲಗೂನ ಅಲ್ಲಿಗಿ ಹರೀತದೇನು, ಕೊಬ್ಬು ಜಾಸ್ತಿ ಉಳೀತದೇನು ಅಂತ. ಇನ್ನಾ ಪರೀಕ್ಷಾ ನಡದದ. ಉಳದೇ ಉಳೀತದ ಅಂತ ನಾ ಹೇಳಂಗಿಲ್ಲ."

ಗುರುಬಾಯಿ ಒಳಗಿನಿಂದ, "ಕೊಬ್ಬಿನ ಮಾತಂದ್ರ ಏನೂ ಕಮ್ಮಿ ಇಲ್ಲಪಾ ನಮ್ಮನ್ಯಾಗ. ಅಪ್ಪಂದೂ ತಗೀರಿ ಬೇಕಾದ್ರ" ಎಂದಳು. ಭಾಗ್ಯಾ ಎಷ್ಟೋ ದಿನಗಳ ಮೇಲೆ ನಕ್ಕಳು. ನಗುವಾಗ ಕೈ ಅಡ್ಡ ಹಿಡಿದಳು. ಹೋಗುವುದೆಂದು ಗುರುಬಾಯಿ ಅವತ್ತೇ ತೀರ್ಮಾನಿಸಿದಳು.

ಹೋಗುವ ಮೊದಲೇ ಗುರುಬಾಯಿ ಕಾಮಣಿಯಾಗಿ, ಮೈ ಕಣ್ಣು ಹಳದಿಯಾಗಿ ಮಲಗಿದಳು. ಗುಲಬರ್ಗಾದ ಆಸ್ಪತ್ರೆಯಲ್ಲಿ ಲಿವರು ಪೂರಾ ಹೋಗಿದೆ, ಮನೆಗೆ ಕರೆದೊಯ್ಯಿರಿ ಎಂದರು. ಅತನೂರಿನವರೊಬ್ಬರು ಬೇರಿನ ಔಷಧ ಕೊಟ್ಟರು. ಪಾಪ, ಅವರೂ ಕೈಲಾದದ್ದು ಮಾಡಿದರು. ಆ ಔಷಧಕ್ಕೆ ಪಥ್ಯ ಬಹಳ. ಎಣ್ಣೆ, ತುಪ್ಪ, ಹುಳಿ, ಖಾರ, ಶೇಂಗಾ ಯಾವುದೂ ಇಲ್ಲ, ಸಪ್ಪನ ಅನ್ನ ಮಾತ್ರ. ಶ್ರಾವಣದಲ್ಲಿ ಅವಳು ಹೋದಳು. ಚಳಿಗಾಲದಲ್ಲಿ ನಾವು ಇಬ್ಬರೇ ಹೊರಟೆವು. ಹೋಗುವ ಮಾತು ಅವಳದಾಗಿತ್ತು. ಅದನ್ನು ತೆಗೆದುಹಾಕಲು ನನಗೆ ಧೈರ್ಯ ಬರಲಿಲ್ಲ.

ಹಾಂಗ್‌ಕಾಂಗ್

ಮುಂಬಯಿಯಿಂದ ವಿಮಾನದಲ್ಲಿ ಹಾಂಗ್‌ಕಾಂಗಿಗೆ ಬಂದೆವು. ಆ ಊರು ಆಗ ಇನ್ನೂ ಇಂಗ್ಲಿಷರ ಕೈಯಲ್ಲಿತ್ತು. ವಿಮಾನ ಇಳಿಯುವಾಗ ಜನರ ಮನೆಯ ಬಾಲ್ಕನಿಯಲ್ಲಿ ಒಣಹಾಕಿದ ಅಂಗಿಗಳು ಕಿಟಕಿಯಿಂದ ಕೈಗೆ ಸಿಗುವಂತೆ ಕಂಡವು. ಭಾಗ್ಯಾ ನನ್ನ ತೋಳು ಹಿಡಿದಳು. ನಾನು ಕುರ್ಚಿ ಹಿಡಿದಿದ್ದೆ.

ನಮ್ಮ ಸಾಮಾನಿನಲ್ಲಿ ಖಡಕ್ ರೊಟ್ಟಿಯ ದೊಡ್ಡ ಡಬ್ಬಿ ಇತ್ತು. ನಮ್ಮ ಕಡೆಯವರು ಊರು ಬಿಟ್ಟರೆ ಅದಿಲ್ಲದೆ ಹೊರಡುವುದಿಲ್ಲ. ತಿಂಗಳಾದರೂ ಕೆಡದ ಒಣ ಜೋಳದ ರೊಟ್ಟಿ. ತಪಾಸಣೆಯ ಅಧಿಕಾರಿ ಒಂದನ್ನು ಎತ್ತಿ ಬೆರಳಿನಿಂದ ಬಡಿದು ಸದ್ದು ಕೇಳಿದ. ಬೆಳಕಿಗೆ ಹಿಡಿದ. ಜೊತೆಯವನನ್ನು ಕರೆದ. ಅವನೂ ಬಡಿದ. ಅವರ ಮುಖ ನೋಡಿದರೆ ಅದನ್ನು ಯಾವುದೋ ಯಂತ್ರದ ಭಾಗವೆಂದುಕೊಂಡಂತಿತ್ತು. ನಾನು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಕಟಕಟ ಅಗಿದು ತೋರಿಸಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಧಿಕಾರಿ ತನ್ನ ಹಲ್ಲಿನ ಮೇಲೆ ಕೈಯಿಟ್ಟು ತಲೆಯಾಡಿಸಿದ. ನನ್ನ ಹಲ್ಲಿಗೆ ಮರುಗಿದನೋ ಏನೋ.

ಆಮೇಲೆ ಅವನ ಕೈಗೆ ಭರಣಿ ಸಿಕ್ಕಿತು. ಗುರುಬಾಯಿ ಕೊನೆಯ ಬೇಸಿಗೆಯಲ್ಲಿ ಹಾಕಿದ ಮಾವಿನಕಾಯಿ ಉಪ್ಪಿನಕಾಯಿ. ಅವಳ ಕೈಯದು ಅಂತ ಮನೆಯಲ್ಲಿ ಉಳಿದದ್ದು ಅದೊಂದೇ. ಕೊಳಕೂರಿನ ನನ್ನ ಅತ್ತೆ, ಗುರುಬಾಯಿಯ ತಾಯಿ, "ಪರದೇಶದಾಗ ಬಾಯಿ ಸಪ್ಪಾಗ್ತದ, ಒಯ್ಯಪಾ" ಎಂದು ತಾವೇ ಚೀಲದಲ್ಲಿಟ್ಟಿದ್ದರು. ಅಧಿಕಾರಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ, ಮುಚ್ಚಳ ತೆರೆದು, ಮೂಗು ಹತ್ತಿರ ಒಯ್ದ. ಮೂರು ಸಲ ಸೀನಿ, ಮುಚ್ಚಿ, ಹೋಗಿ ಹೋಗಿ ಎಂದು ಕೈಮಾಡಿದ. ನನಗೆ ನಗು ಬಂತು. ತಿರುಗಿ ನೋಡಿದರೆ ಭಾಗ್ಯಾ ಅಷ್ಟು ದೂರ ಹೋಗಿ, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಅವ್ವನ ನೆನಪಾಗಿರಬೇಕು ಎಂದುಕೊಂಡೆ. ನಾನು ಬಟ್ಟೆಯನ್ನು ಮತ್ತೆ ಕಟ್ಟಿದೆ. ಗುರುಬಾಯಿ ಕಟ್ಟುವ ಗಂಟು ನನಗೆ ಬರಲಿಲ್ಲ.

ಗ್ವಾಂಗ್‌ಝೌ

ಅಲ್ಲಿಂದ ರೈಲು. ನಿಲ್ದಾಣಕ್ಕೆ ನಸೀರ ಬಂದಿದ್ದ. ಆಳಂದದ ಹುಡುಗ ಚೀನೀ ಭಾಷೆಯಲ್ಲಿ ಟ್ಯಾಕ್ಸಿಯವನ ಸಂಗಡ ಜಗಳವಾಡಿ, ನಮ್ಮ ಕಡೆ ತಿರುಗಿ "ಬರ್ರಿ ಕಾಕಾ, ಕುಂಡ್ರಿ" ಎಂದಾಗ ನನಗೆ ಕಣ್ಣಲ್ಲಿ ನೀರು ಬಂತು. ಹೊರಗೆ ಸಣ್ಣ ಮಳೆ. ರಸ್ತೆಯ ತುಂಬ ಸೈಕಲ್ಲು, ಬಣ್ಣ ಬಣ್ಣದ ಮಳೆಕೋಟು ತೊಟ್ಟ ಜನ. ನಮ್ಮಲ್ಲಿ ಎಮ್ಮೆಗಳ ಹಿಂಡು ದಾರಿ ಬಿಡುವಂತೆ, ಅವರೂ ಯಾರೂ ಅವಸರ ಮಾಡದೆ, ಯಾರಿಗೂ ತಾಗದೆ ಸರಿಯುತ್ತಿದ್ದರು.

ಅದು ಬಿಸಿನೀರಿನ ಊರು. ಆಸ್ಪತ್ರೆಯಲ್ಲಿ ಹಾಸಿಗೆಗೊಂದು ಥರ್ಮಾಸು. ಯಾರೂ ತಣ್ಣೀರು ಕುಡಿಯುವುದಿಲ್ಲ. ನಾನು ನಲ್ಲಿಗೆ ಬೊಗಸೆಯೊಡ್ಡಿದ್ದನ್ನು ನೋಡಿ ಕಸ ಗುಡಿಸುವ ಹೆಂಗಸು ಓಡಿಬಂದು ಕೈಮೇಲೆ ಬಡಿದಳು. ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಅಲ್ಲಿಯೂ ಎದುರಾದವರು ಕೇಳುವುದು ಊಟವಾಯಿತೇ ಎಂದೇ. "ಸಿಕ್ ಜೋ ಫಾನ್ ಮೇ?" ಪಕ್ಕದ ಹಾಸಿಗೆಯಲ್ಲಿ ಕೈ ಸುಟ್ಟುಕೊಂಡ ಒಬ್ಬ ಮುದುಕಿ ಇದ್ದಳು. ಆಕೆ ದಿನವೂ ಹೊತ್ತು ಹೊತ್ತಿಗೆ ನಮ್ಮನ್ನು ಹಾಗೆ ಕೇಳುವಳು. ಭಾಗ್ಯಾ ಆ ಮಾತು ನನಗಿಂತ ಮೊದಲು ಕಲಿತಳು. ತಲೆಯಾಡಿಸಿ ಹೌದು ಎನ್ನುವಳು.

ನಸೀರ ಹೇಳಿದ ಮೇಡಂ, ಐವತ್ತು ದಾಟಿದ ತೆಳ್ಳನೆಯ ಹೆಂಗಸು. ಭಾಗ್ಯಾಳ ಗಲ್ಲವನ್ನು ಮುಟ್ಟುವ ಮೊದಲು ತನ್ನ ಕೈಗಳನ್ನು ಥರ್ಮಾಸಿಗೆ ಒತ್ತಿ ಬೆಚ್ಚಗೆ ಮಾಡಿಕೊಂಡಳು. ನಾವು ತೋರಿಸಿದ ಎಷ್ಟೋ ಡಾಕ್ಟರರಲ್ಲಿ ಹಾಗೆ ಮಾಡಿದವಳು ಆಕೆ ಒಬ್ಬಳೇ. ಕಷಾಯದ ಜವಾಬ್ದಾರಿ ಅದೇ ಆಸ್ಪತ್ರೆಯ ಒಬ್ಬ ಮುದುಕ ವೈದ್ಯರದು. ಅವರು ಭಾಗ್ಯಾಳ ನಾಡಿ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತರು, ನಾಲಿಗೆ ನೋಡಿದರು. ಆಮೇಲೆ ಬೇರನ್ನು ತೋರಿಸಿದರು. ಇಟ್ಟಂಗಿಯ ಬಣ್ಣ, ಕಿರುಬೆರಳಿನ ದಪ್ಪ. ನಾನು ಮೂಸಿದೆ. ಮಳೆ ಬಿದ್ದ ಮಣ್ಣಿನ ವಾಸನೆ.

ಬೇರು ಕಂಡ ಮೇಲೆ ನಮ್ಮವರು ಯಾರಾದರೂ ಕೇಳುವುದನ್ನೇ ನಾನೂ ಕೇಳಿದೆ. "ನಸೀರಾ, ಪಥ್ಯ ಏನಾರ ಅದ ಏನು, ಕೇಳು."

ನಸೀರ ಕೇಳಿದ. ಮುದುಕರ ಮುಖ ಅರಳಿತು. ಅಲ್ಲಿಯ ಎಳೆಯ ಡಾಕ್ಟರರು ಅವರನ್ನು ಇದನ್ನು ಕೇಳುವುದೇ ಇಲ್ಲವಂತೆ. "ಇದೆ, ಇದೆ!" ಎಂದು ಶುರುಮಾಡಿದರು. ತಣ್ಣೀರು ಬೇಡ. ಹಸಿ ಮೂಲಂಗಿ ಬೇಡ. ಕಡಕ್ ಚಹಾ ಬೇಡ. ಬಾಳೆಹಣ್ಣು, ಸೌತೆಕಾಯಿಯಂಥ ತಂಪು ಪದಾರ್ಥ ಬೇಡ. ಬೆಳಗಿನ ಮಂಜಿನಲ್ಲಿ ತಲೆ ಬಿಟ್ಟುಕೊಂಡು ತಿರುಗಬಾರದು. ನಸೀರ ಎಲ್ಲವನ್ನೂ ನಮ್ಮ ಮಾತಿನಲ್ಲಿ ಹೇಳಿದ. ಭಾಗ್ಯಾ ಗಮನವಿಟ್ಟು ಕೇಳಿದಳು.

ಆಪರೇಷನ್ ದಿನ

ಆ ದಿನ ಒಂದು ಗೊಂದಲವಾಯಿತು. ನರ್ಸು ಭಾಗ್ಯಾಳ ಕೊರಳಿನ ಲಿಂಗ ತೆಗೆಯಲು ಹೇಳಿದಳು. ನಮ್ಮಲ್ಲಿ ಅದು ಮೈಯಿಂದ ಬೇರೆಯಾಗುವಂತಿಲ್ಲ. ಭಾಗ್ಯಾ ಲಿಂಗವಿದ್ದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಳು. ನರ್ಸು ಬೆರಳಿನಿಂದ ಗಡಿಯಾರ ತೋರಿಸುತ್ತಾಳೆ, ಇವಳು ಬಿಡುವುದಿಲ್ಲ. ನಸೀರ ಓಡಿಬಂದ. "ಅರೆ, ಅದಕ್ಕ ಯಾಕ ಗರಬಡ? ಕೊಳ್ಳಾಗ ಬ್ಯಾಡ, ಕೈಯಾಗ ಇರಲಿ" ಎಂದು, ಕರಡಿಗೆಯನ್ನು ಔಷಧ ಹಾಕಿ ಒರೆಸಿ, ಶುದ್ಧ ಮಾಡಿದ ಬಟ್ಟೆಯಲ್ಲಿ ಸುತ್ತಿ, ತಾನೇ ಅವಳ ಮಣಿಕಟ್ಟಿಗೆ ಬಿಗಿದ. ಬಿಗಿಯುವಾಗ ಬಾಯಲ್ಲಿ ಬಿಸ್ಮಿಲ್ಲಾ ಅಂದ. ಯಾವ ಕೆಲಸ ಶುರುಮಾಡುವಾಗಲೂ ಅವನಿಗೆ ಅದು ರೂಢಿ. ಭಾಗ್ಯಾ, "ಇಬ್ಬರೂ ಕೂಡಿ ಕಾಯ್ತಾರ ಬಿಡು" ಎಂದಳು. ಒಳಗೆ ಹೋದಳು.

ಹೊರಗೆ ಬಂದಾಗ ಎಡಗಲ್ಲ ಬಲಗಲ್ಲಕ್ಕಿಂತ ದೊಡ್ಡದಾಗಿತ್ತು. ಬಾವು ಇಳಿಯುತ್ತದೆ, ಮುಂದಿನ ಕೆಲವು ವಾರಗಳಲ್ಲಿ ಉಳಿಯುವುದು ಉಳಿಯುತ್ತದೆ, ಹೋಗುವುದು ಹೋಗುತ್ತದೆ ಎಂದು ಮೇಡಂ ಹೇಳಿದಳು. ನಾನು ನಮ್ಮ ಹೊಲದಲ್ಲಿ ಸಸಿ ಹಚ್ಚಿದ ಮರುದಿನ ಹೋಗಿ ನೋಡುವ ಹಾಗೆ, ಬೆಳಿಗ್ಗೆ ಎದ್ದ ಕೂಡಲೇ ಆ ಗಲ್ಲವನ್ನೇ ನೋಡುತ್ತಿದ್ದೆ.

ಸಪ್ಪನ ಊಟ

ಆಸ್ಪತ್ರೆಯ ಹಿಂದೆ ಒಂದು ಕೋಣೆ, ಒಂದು ಒಲೆ ನಮಗೆ ಸಿಕ್ಕಿತ್ತು. ಅನ್ನ, ಬೇಳೆ, ಕಾಯಿಪಲ್ಲೆಗೆ ತೊಂದರೆಯಿರಲಿಲ್ಲ. ನಸೀರ ತುಪ್ಪದ ಡಬ್ಬಿಯನ್ನೂ ಎಲ್ಲಿಂದಲೋ ಹುಡುಕಿ ತಂದಿಟ್ಟು, ಬೇರೆ ಊರಿನ ಆಸ್ಪತ್ರೆಗೆ ತರಬೇತಿಗೆಂದು ಹೋದ.

ನಾನು ಮೊದಲ ದಿನ ಬೇಳೆಗೆ ಒಗ್ಗರಣೆ ಕೊಟ್ಟೆ. ಭಾಗ್ಯಾ ತಾಟು ಹಿಂದೆ ಸರಿಸಿದಳು.

"ಅಪ್ಪಾ, ಬೇರಿನ ಔಷಧ ನಡದದ. ಎಣ್ಣಿ ನಡೀತದೇನು?"

"ಆ ನಾಡಿ ನೋಡಿದ ಮುತ್ಯಾ ಎಣ್ಣಿ ಬ್ಯಾಡ ಅಂತ ಎಲ್ಲಿ ಅಂದಾರವಾ."

"ಅವರು ಅವರ ಕಡೀದು ಹೇಳ್ಯಾರ. ನಮ್ಮ ಕಡೀದು ನಮಗ ಗೊತ್ತಿಲ್ಲೇನು?"

ನನಗೂ ಅದು ಸರಿ ಎನಿಸಿತು. ಬೇರು ಎಲ್ಲಿಯದಾದರೇನು, ಬೇರೇ. ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೀಗೇ ಹೇಳುತ್ತಿದ್ದರು. ಹೀಗಾಗಿ ನಾವು ಎರಡು ದೇಶದ ಪಥ್ಯವನ್ನೂ ಕೂಡಿಯೇ ಹಿಡಿದೆವು. ಚೀನಾದ ಲೆಕ್ಕಕ್ಕೆ ಬಾಳೆಹಣ್ಣು, ಸೌತೆಕಾಯಿ, ಮೂಲಂಗಿ, ಚಹಾ ಹೋದವು. ನಮ್ಮ ಲೆಕ್ಕಕ್ಕೆ ಎಣ್ಣೆ, ತುಪ್ಪ, ಹುಳಿ, ಖಾರ, ಶೇಂಗಾ ಹೋದವು. ಉಳಿದದ್ದು ಬಿಳಿ ಅನ್ನ, ಬೆಂದ ಸೊಪ್ಪು, ಬಿಸಿನೀರು. ಅವಳು ಉಣ್ಣದ್ದನ್ನು ನಾನೊಬ್ಬನೇ ಉಣ್ಣುವುದು ಹೇಗೆಂದು ನಾನೂ ಅದನ್ನೇ ಉಂಡೆ. ತುಪ್ಪದ ಡಬ್ಬಿ, ಭರಣಿ ಎರಡೂ ಕಿಟಕಿಯ ಮೇಲೆ ಮುಚ್ಚಿದಂತೆಯೇ ಕುಳಿತಿದ್ದವು.

ಪಕ್ಕದ ಹಾಸಿಗೆಯ ಮುದುಕಿ ಒಂದು ದಿನ ನಮ್ಮ ಕೋಣೆಗೆ ಬಂದು, ತಾಟು ನೋಡಿ ಬೆಚ್ಚಿಬಿದ್ದಳು. ಹುರಿದ ಶೇಂಗಾ ಪೊಟ್ಟಣ ಭಾಗ್ಯಾಳ ಉಡಿಗೆ ಸುರಿದಳು. ಭಾಗ್ಯಾ ಕೈಮುಗಿದು ಮರಳಿ ಕೊಟ್ಟಳು. ಮುದುಕಿ ನನ್ನ ಕಡೆ ತಿರುಗಿ ಏನೋ ಉದ್ದಕ್ಕೆ ಹೇಳಿದಳು. ಒಂದು ಶಬ್ದವೂ ತಿಳಿಯಲಿಲ್ಲ, ಆದರೆ ಅದು ಬೈಗುಳ ಎಂಬುದು ಸ್ಪಷ್ಟವಿತ್ತು. ಧಾಟಿ ಥೇಟ್ ನಮ್ಮ ಅತ್ತೆಯದು.

ಬಾವು ಇಳಿಯಿತು. ಗಲ್ಲ ಸಮವಾಗಿ ಕಂಡಿತು. ಎರಡು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಆಮೇಲೂ ಅದು ಇಳಿಯುತ್ತಲೇ ಹೋಯಿತು.

ತೂಕದ ಯಂತ್ರ

ನಸೀರ ಮರಳಿ ಬಂದ ದಿನವೇ ಮೇಡಂ ಭಾಗ್ಯಾಳನ್ನು ಪರೀಕ್ಷಿಸಿದಳು. ಗಲ್ಲವನ್ನು ಮುಟ್ಟಿ ನೋಡಿದಳು. ಹುಬ್ಬು ಗಂಟಿಕ್ಕಿತು. ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಮುಳ್ಳು ನೋಡಿ ನಸೀರನಿಗೆ ಏನೋ ಕೇಳಿದಳು. ನಸೀರ ನನಗೆ ಕೇಳಿದ.

"ಕಾಕಾ, ಈಕಿ ಏನು ಉಣ್ಣಾಕತ್ತಾಳ?"

ಹೇಳಿದೆ. ನಸೀರ ಹಣೆಗೆ ಕೈಹಚ್ಚಿ ಕುರ್ಚಿಯ ಮೇಲೆ ಕುಸಿದ.

"ಯಾ ಅಲ್ಲಾ! ಪಥ್ಯ! ನಮ್ಮ ದಾದಿಮಾನೂ ಹಿಂಗೇ ಮಾಡ್ತಿದ್ದಳು. ನಾ ಆಳಂದದಾಗ ಹುಟ್ಟಿ ಈ ಮಾತು ಮರತೆ ನೋಡ್ರಿ."

ಅವನು ಮೇಡಂಗೆ ಹೇಳಿದ. ಮೇಡಂ ಮುದುಕ ವೈದ್ಯರನ್ನು ಕರೆಸಿದಳು. ಅವರು ಎರಡೂ ಕೈ ಮೇಲೆತ್ತಿ, ಎಣ್ಣೆ ಬೇಡವೆಂದು ತಾವು ಅಂದೇ ಇಲ್ಲ ಎಂದು ಮೇಡಂ ಮೇಲೇ ರೇಗಿದರು. ಸ್ವಲ್ಪ ಹೊತ್ತು ಚೀನೀ ಭಾಷೆಯಲ್ಲಿ ದೊಡ್ಡ ವಾದ. ನಾವಿಬ್ಬರು ತಪ್ಪು ಮಾಡಿದ ಶಾಲೆಯ ಮಕ್ಕಳ ಹಾಗೆ ನಿಂತಿದ್ದೆವು. ಕಡೆಗೆ ನಸೀರ ಭಾಗ್ಯಾಳ ಮುಂದೆ ಸ್ಟೂಲು ಎಳೆದು ಕುಳಿತ.

"ಇಲ್ಲಿ ಕೇಳವಾ ತಂಗಿ. ಗಲ್ಲದಾಗ ಹಾಕಿದ ಕೊಬ್ಬಿಗೆ ತಾ ಗಲ್ಲದಾಗ ಅದೀನಂತ ಗೊತ್ತಿಲ್ಲ. ಅದು ಇನ್ನಾ ಹೊಟ್ಟೀದೇ. ಕೊಟ್ಟ ಹೆಣ್ಣು ಇದ್ದಂಗ. ಗಂಡನ ಮನ್ಯಾಗ ಕುಂತಿದ್ರೂ ಜೀವ ಎಲ್ಲಾ ತವರಮನಿ ಮ್ಯಾಲ. ತವರಮನಿ ಉಪಾಸ ಬಿದ್ರ ತಾನೂ ಸೊರಗ್ತದ. ನೀ ಹೊಟ್ಟಿ ಒಣಗಿಸಿದಿ ಅಂದ್ರ ಗಲ್ಲನೂ ಒಣಗ್ತದ. ಬೇರಿನ ಕಷಾಯ ರಕ್ತ ತರ್ತದ ಅಷ್ಟೇ. ರಕ್ತದಾಗ ಅನ್ನ ಬ್ಯಾಡೇನು? ಇವತ್ತಿಂದ ತುಪ್ಪ ತಿನ್ನು, ಶೇಂಗಾ ತಿನ್ನು, ಎಣ್ಣಿ ತಿನ್ನು. ಇನ್ನಾ ವ್ಯಾಳೆ ಅದ. ಪೂರಾ ಕರಗಿಲ್ಲ."

ನಾನು ಕೋಣೆಗೆ ಬಂದವನೇ ಅನ್ನ ಇಳಿಸಿ ತುಪ್ಪ ಸುರಿದೆ. ಭಾಗ್ಯಾ ತಾಟಿನ ಮುಂದೆ ಕುಳಿತಳು. ಕೈ ಹಾಕಲಿಲ್ಲ.

"ಉಣ್ಣವಾ."

"ಔಷಧ ಮುಗೀಲಿ ಅಪ್ಪಾ."

"ಡಾಕ್ಟರ್ ಹೇಳ್ಯಾರಲ್ಲ, ಕರಗಿ ಹೋಗ್ತದ ಅಂತ."

"ಹೋದ್ರ ಗಲ್ಲ ಹೋಗ್ತದ. ಪಥ್ಯ ಮುರದ್ರ ಮನಷ್ಯಾರೇ ಹೋಗ್ತಾರ."

ಅವಳ ದನಿ ಏರಿತು. ನಾನು ಸಿಟ್ಟಿನಿಂದ, "ಯಾರು ಹೋಗ್ಯಾರ ಹಂಗ?" ಎಂದುಬಿಟ್ಟೆ.

"ಅವ್ವ" ಎಂದಳು.

ನಸೀರ ನಮ್ಮ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ. ಭಾಗ್ಯಾ ಅವನನ್ನು ನೋಡಿದರೂ ನಿಲ್ಲಿಸಲಿಲ್ಲ. ಅವ್ವ ಮಲಗಿದಾಗ ಒಂದು ಮಧ್ಯಾಹ್ನ ನಾನು ಗಿರಣಿಯಲ್ಲಿದ್ದೆನಂತೆ. ಅವ್ವ, ಬಾಯಿ ಸಪ್ಪಗಾಗಿ ಸಾಯುವ ಹಾಗಾಗಿದೆ, ಒಂದೇ ಒಂದು ಹೋಳು ಕೊಡು ಎಂದು ಬೇಡಿದಳಂತೆ. ಇವಳು ಇದೇ ಭರಣಿಯಿಂದ ಒಂದು ಹೋಳು ತೆಗೆದು ಕೊಟ್ಟಳಂತೆ. ಅವ್ವ ಬೆರಳನ್ನೂ ಬಿಡದೆ ಚೀಪಿದಳಂತೆ. ಮುಂದಿನ ವಾರ ಹೋದಳು.

"ಅತನೂರ ಕಾಕಾ ಹೇಳಿದ್ದರು ಅಪ್ಪಾ. ಹುಳಿ ಮುಟ್ಟಿದ್ರ ಔಷಧ ತಿರುಗಿ ಬೀಳ್ತದ ಅಂತ ಎದುರಿಗೇ ಹೇಳಿದ್ದರು. ಗೊತ್ತಿದ್ದೂ ಕೊಟ್ಟೆ."

ನಸೀರ ಒಳಗೆ ಬಂದು ನೆಲದ ಮೇಲೆ ಕುಳಿತ. "ತಂಗಿ, ನಿಮ್ಮವ್ವನ ದವಾಖಾನಿ ಕಾಗದಾ ಎಲ್ಲಾ ನಾ ಆಮ್ಯಾಲ ತರಿಸಿ ನೋಡೇನಿ. ಮಲಗೂದರಾಗನ ಲಿವರ್ ಮುಗದಿತ್ತು. ಒಂದು ಹೋಳು ಉಪ್ಪಿನಕಾಯಿ ಏನೂ ಮಾಡಿಲ್ಲ. ಖರೆ ಹೇಳ್ತೇನಿ" ಎಂದ. ಭಾಗ್ಯಾ ನೆಲ ನೋಡುತ್ತಿದ್ದಳು. ಡಾಕ್ಟರರ ಮಾತು ಅವಳಲ್ಲಿ ಇಳಿಯಲಿಲ್ಲವೆಂದು ನನಗೆ ಕಂಡಿತು.

ನಾನು ಮಾತಿನವನಲ್ಲ. ಗುರುಬಾಯಿ ಇದ್ದಾಗ ನನ್ನ ಪಾಲಿನದನ್ನೂ ಅವಳೇ ಆಡುತ್ತಿದ್ದಳು. ಆದರೆ ಆ ದಿನದ ಒಂದು ಮಾತು ನನ್ನ ಹತ್ತಿರ ಇತ್ತು. ಗುರುಬಾಯಿ ನನಗೆ ಮಾತ್ರ ಹೇಳಿದ್ದಳು. ಅದು ಬೇರೆಯವರಿಗೆ ಬೇಕಾಗುವ ಮಾತೆಂದು ನನಗೆ ತೋಚಿರಲಿಲ್ಲ. ಹೇಳಿದೆ.

"ನಿಮ್ಮವ್ವ ಅವತ್ತೇ ಸಂಜೀಕ ನನ್ನ ಮುಂದ ಹೇಳ್ಯಾಳ."

ಭಾಗ್ಯಾ ತಲೆ ಎತ್ತಿದಳು.

"ನಾ ಗಿರಣಿಂದ ಬಂದ ಕೂಡ್ಲೆ ಕರದಳು. ‘ಇವತ್ತ ನಿಮ್ಮ ಮಗಳು ನನಗ ಉಪ್ಪಿನಕಾಯಿ ಕೊಟ್ಟಳು. ಎಷ್ಟು ದಿನದ ಮ್ಯಾಲ ನನ್ನ ನಾಲಿಗಿ ನನ್ನದಾತು ನೋಡ್ರಿ. ಬೈಬ್ಯಾಡ್ರಿ ಆಕಿಗಿ’ ಅಂದಳು. ನಕ್ಕೋತ ಅಂದಳು. ಮತ್ತ ಏನಂದಳು ಹೇಳಲೇನು? ‘ಎಲ್ಲಾರೂ ಬ್ಯಾಡ ಅಂದದ್ದು ತಂದು ಕೊಟ್ಟಾಳ. ಕೊಬ್ಬು ಎಲ್ಲೂ ಹೋಗಿಲ್ಲರಿ ಆಕೀದು. ಒಳಗೇ ಅದ’ ಅಂದಳು."

ನಸೀರ ಮೂಗು ಒರೆಸಿಕೊಂಡ. ನಾನು ಎದ್ದು ಕಿಟಕಿಯಿಂದ ಭರಣಿ ಇಳಿಸಿದೆ. ಹಾಂಗ್‌ಕಾಂಗಿನಲ್ಲಿ ನಾನು ಕಟ್ಟಿದ ಗಂಟು ಬಿಚ್ಚಲೂ ಬರಲಿಲ್ಲ. ಹಲ್ಲಿನಿಂದ ಎಳೆಯುತ್ತಿದ್ದೆ. ಭಾಗ್ಯಾ, "ಕೊಡ್ರಿ ಇಲ್ಲಿ, ಯಾರರ ಹಿಂಗ ಕಟ್ತಾರೇನು" ಎಂದು ಕಸಿದುಕೊಂಡು ಬಿಚ್ಚಿದಳು. ನಾನು ಮೊದಲು ಒಂದು ಹೋಳು ನನ್ನ ತಾಟಿಗೆ ಹಾಕಿಕೊಂಡೆ. ಆಮೇಲೆ ಅವಳ ತಾಟಿಗೆ ಒಂದು. ನಸೀರನೂ ಕೈಯೊಡ್ಡಿದ. "ಎಣ್ಣಿ ಜಾಸ್ತಿ ಹಾಕ್ರಿ ಕಾಕಾ, ಡಾಕ್ಟರ್ ಹುಕುಂ ಅದ" ಎಂದ.

ಭಾಗ್ಯಾ ಹೋಳನ್ನು ಬಾಯಿಗಿಟ್ಟಳು. ಹುಳಿಗೆ ಅವಳ ಕಣ್ಣು ಮುಚ್ಚಿದವು. ಅಳುತ್ತಲೇ ಉಂಡಳು. ತುಪ್ಪದ ಅನ್ನ ಮತ್ತೆ ಹಾಕಿಸಿಕೊಂಡಳು.

ಹೊರಡುವ ಮುನ್ನ

ಆಮೇಲೆ ನಾವು ಉಣ್ಣಲು ಶುರುಮಾಡಿದೆವು. ಪಕ್ಕದ ಮುದುಕಿಗೆ ಇದು ಹೇಗೋ ತಿಳಿದು, ಶೇಂಗಾ ಪೊಟ್ಟಣ ಮತ್ತೆ ಬಂತು. ಭಾಗ್ಯಾ ಒಂದು ಹೋಳು ಉಪ್ಪಿನಕಾಯಿ ಆಕೆಗೆ ಕೊಟ್ಟಳು. ಮುದುಕಿ ಅದನ್ನು ಪೂರಾ ಬಾಯಿಗೆ ಹಾಕಿಕೊಂಡು, ಸುಟ್ಟ ಕೈ ಮರೆತು ಎರಡೂ ಕೈ ಬೀಸಿದಳು. ಥರ್ಮಾಸು ಅರ್ಧ ಖಾಲಿ ಮಾಡಿ ಮತ್ತೊಂದು ಕೇಳಿದಳು. ಮುದುಕ ವೈದ್ಯರು ಭರಣಿ ಮೂಸಿ, ಒಳಗೆ ಯಾವ ಯಾವ ಬೇರು ಇದೆ ಎಂದು ಕೇಳಿಸಿದರು. ಸಾಸಿವೆ, ಮೆಂತ್ಯ, ಇಂಗು ಎಂದು ನಸೀರ ಹೇಳಿದ. ಅವರು ತಲೆದೂಗಿದರು. ಕೆಂಪು ಬೇರಿನ ಕಷಾಯ ಮಾತ್ರ ತಪ್ಪದೆ ನಡೆಯಿತು. ಮೂಲಂಗಿ ಮುಟ್ಟಲಿಲ್ಲ. ಅದು ಅವರ ಪಾಲಿನ ಪಥ್ಯ, ಅದನ್ನು ಮುರಿಯಲು ನನಗೂ ಮನಸ್ಸಾಗಲಿಲ್ಲ.

ಗಲ್ಲ ಇಳಿಯುವುದು ನಿಂತಿತು. ಹೋದದ್ದು ಮರಳಿ ಬರಲಿಲ್ಲ. ಬಲಗಲ್ಲದಷ್ಟು ಎಡಗಲ್ಲ ತುಂಬಲಿಲ್ಲ. ಆದರೆ ಹೆಬ್ಬೆರಳಿನ ಕುಳಿ ಇರಲಿಲ್ಲ. ಕೊನೆಯ ಸಲ ಮೇಡಂ ಬೆಚ್ಚಗಿನ ಕೈಯಿಂದ ಮುಟ್ಟಿ ನೋಡಿ, ಉಳಿದಿರುವುದು ಇನ್ನು ಉಳಿಯುತ್ತದೆ ಎಂದಳು. ಮುಂದೆ ಬೇಕೆನಿಸಿದರೆ ಇನ್ನೊಮ್ಮೆ ಸ್ವಲ್ಪ ಹಾಕಬಹುದು. ಆಮೇಲೆ ಸಣ್ಣಗೆ ನಕ್ಕು ನಸೀರನಿಗೆ ಏನೋ ಹೇಳಿದಳು. ನಸೀರ ನಮಗೆ ತಿಳಿಸಿದ:

"ನಿಮ್ಮ ಹುಡುಗೀನ ಪರೀಕ್ಷಾದ ಲೆಕ್ಕದಾಗಿಂದ ಬಿಟ್ಟೀನಿ ಅಂತಾರ. ಬೇರಿನಿಂದ ಉಳೀತೋ, ತುಪ್ಪದಿಂದ ಉಳೀತೋ, ಅವರಿಗಿ ಹೇಳಾಕ ಬರಂಗಿಲ್ಲಂತ."

"ಆ ಉಪ್ಪಿನಕಾಯೀದು ಯಾಕ ಬಿಟ್ಟರು?" ಎಂದಳು ಭಾಗ್ಯಾ. ನಸೀರ ಅದನ್ನೂ ಹೇಳಿದ. ಮೇಡಂ ಬಾಯಿ ಮುಚ್ಚಿಕೊಂಡು ನಕ್ಕಳು. ಭಾಗ್ಯಾ ನಕ್ಕಳು. ಆಗ ಅವಳ ಕೈ ಉಡಿಯಲ್ಲೇ ಇತ್ತು.

ಕೊಳಕೂರ

ಊರಿಗೆ ಬಂದು ಎರಡು ದಿನಕ್ಕೆ ಜೇವರ್ಗಿಗೆ ಬಸ್ಸು ಹಿಡಿದು ಕೊಳಕೂರಿಗೆ ಹೋದೆವು. ಮಗಳನ್ನು ಕಳೆದುಕೊಂಡ ಅತ್ತೆ ಮೊಮ್ಮಗಳ ದಾರಿ ಕಾಯುತ್ತಿದ್ದರು. ಅವರಿಗೆ ಕಣ್ಣು ಮಂದ. ಬಾಗಿಲಲ್ಲೇ ನಿಲ್ಲಿಸಿ, ಎರಡೂ ಅಂಗೈಯಲ್ಲಿ ಮುಖ ಹಿಡಿದು, ಬೆರಳಿನಿಂದ ನೋಡಿದರು. ಎಡಗಡೆಯ ಕೈ ಬಹಳ ಹೊತ್ತು ಅಲ್ಲೇ ಇತ್ತು.

"ಬಂದದ" ಎಂದರು. ಒಳಗೆ ಕರೆದು ಊಟಕ್ಕೆ ಹಾಕಿದರು.

ಭಾಗ್ಯಾ ಮೊದಲಿನಂತೆ ಎಡಕ್ಕೆ ಗೋಡೆಯ ಕಡೆಗಲ್ಲ, ನಮ್ಮಿಬ್ಬರ ನಡುವೆ ಕುಳಿತಳು. ಅತ್ತೆ ರೊಟ್ಟಿ ಬಡಿಸಿ, "ಚೀನಾದಾಗ ಭಾಳ ಸೊರಗಿದಿ. ಎರಡು ತಿನ್ನು ಬೇ" ಎಂದರು.

"ಎರಡ್ಯಾಕ ಆಯಿ? ನಾಕು ಹಾಕು. ಮತ್ತ ನಿನ್ನ ಉಪ್ಪಿನಕಾಯಿ ಬ್ಯಾಡ, ಉಪ್ಪೇ ಇರಂಗಿಲ್ಲ. ನಮ್ಮವ್ವಂದು ಇನ್ನಾ ತಳದಾಗ ಒಂದೀಟು ಉಳದದ, ಅದನ್ನೇ ತಂದೀನಿ."

ಅತ್ತೆಯ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. ಈ ಬಾಯಿಯನ್ನು ಅವರು ಕೇಳಿ ಎಷ್ಟು ವರ್ಷವಾಗಿತ್ತೋ.

"ನೋಡು, ನೋಡು ಈಕೀನ! ಕೊಬ್ಬು ಬಂದದ ನಿನಗ!"

ಹೇಳಿದ ಮೇಲೆ ಆ ಮಾತು ಯಾರದೆಂದು ಅವರಿಗೆ ನೆನಪಾಯಿತು. ಸೆರಗು ಬಾಯಿಗೆ ಹೋಯಿತು. ನಾನು ತಾಟು ನೋಡುತ್ತ ಕುಳಿತೆ.

ಭಾಗ್ಯಾ ಅವರ ಕಡೆ ವಾಲಿ, ಎಡಗಲ್ಲವನ್ನು ಮುಂದೆ ಒಡ್ಡಿದಳು.

"ಹೌದು ಆಯಿ, ಬಂದದ. ಮುಟ್ಟಿ ನೋಡು" ಎಂದಳು.